ಹಡಗಿನ ಹೊಸ್ತಿಲು ಎಷ್ಟು ಎತ್ತರ?



ಹಳೆಯ ಮನೆಗಳ ಹೊಸ್ತಿಲಿಗೆ ಅರಿಸಿನ, ಕುಂಕುಮ, ರಂಗೋಲಿ ಎಲ್ಲವೂ ಸಲ್ಲುತ್ತವೆ. ಹಡಗಿಗೂ ಹೊಸ್ತಿಲುಂಟು. ಅದಕ್ಕೆ ಪೂಜೆಯಿಲ್ಲ, ಕೆಲಸವಿದೆ. ಅಲೆ ಎದ್ದು ಡೆಕ್ಕಿನ ಮೇಲೆ ನೀರು ಹರಿದಾಗ ಅದು ಒಳಗೆ ನುಗ್ಗದಂತೆ ಬಾಗಿಲ ಬುಡದಲ್ಲಿ ಲೋಹದ ಅಡ್ಡಪಟ್ಟಿ ಕಟ್ಟುವುದು ಹಡಗು ಕಟ್ಟುವವರ ಹಳೆಯ ಪದ್ಧತಿ. ನಾವಿಕರು ಅದನ್ನು ನೋಡದೆಯೇ ಕಾಲೆತ್ತಿ ದಾಟುತ್ತಾರೆ. ಹೊಸ ಪ್ರಯಾಣಿಕರು ಒಮ್ಮೆ ಎಡವಿ ಕಲಿಯುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಮಾತ್ರ ಅದು ಹೊಸ್ತಿಲಲ್ಲ, ಗೋಡೆ. ಆ ಗೋಡೆಯನ್ನು ತಗ್ಗಿಸಿ ಎಂದು ಕೇಳುವ ಹಕ್ಕು ಯಾರಿಗಿದೆ, ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆ 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಾಲಿಕುರ್ಚಿ ಬಳಸುವವರು ವಿಹಾರನೌಕೆಯಲ್ಲಿ ಪ್ರವಾಸ ಹೊರಡುವುದು ಹೇಗೆ, ಹೊರಡುವ ಮುನ್ನ ಏನೇನು ಕೇಳಿ ತಿಳಿಯಬೇಕು ಎಂಬುದು ಇಂದಿನ ವಿಷಯ. ಅದರ ಹಿಂದೆ ಈ ಹೊಸ್ತಿಲಿನ ಚರಿತ್ರೆಯೂ ಇದೆ.

ಇದು ದೂರದೇಶದ ಶ್ರೀಮಂತರ ಸಂಗತಿ ಎಂದು ಕೆಲವರಿಗೆ ಅನಿಸಬಹುದು. ಹಾಗೇನೂ ಇಲ್ಲ. ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಬಹಾಮಾಸ್‌ಗೋ ಅಲಾಸ್ಕಾಗೋ ಹಡಗಿನಲ್ಲಿ ಕರೆದೊಯ್ಯುವುದು ಈಗ ಅಪರೂಪವಲ್ಲ. ಮಂಡಿ ಸವೆದವರು, ಪಾರ್ಶ್ವವಾಯು ಬಡಿದು ಚೇತರಿಸಿಕೊಂಡವರು, ಚಿಕ್ಕಂದಿನಲ್ಲೇ ಪೋಲಿಯೊ ತಗುಲಿದವರು ಆ ಅಪ್ಪ ಅಮ್ಮಂದಿರಲ್ಲಿ ಇರುತ್ತಾರೆ. ಬಾಗಿಲು ಎಷ್ಟು ಅಗಲ ಎಂದು ವಿಚಾರಿಸದೆ ಟಿಕೆಟ್ ಕೊಂಡರೆ ಕುರ್ಚಿ ಕೊಠಡಿಯೊಳಗೆ ಹೋಗುವುದಿಲ್ಲ. ಹೊರಗಿನ ಓಣಿಯಲ್ಲಿ ಬಿಟ್ಟುಬಿಡೋಣವೆಂದರೆ, ಬೆಂಕಿ ಬಿದ್ದಾಗ ಜನ ಓಡುವ ದಾರಿ ಅದಾದ್ದರಿಂದ ಹಡಗಿನವರು ಒಪ್ಪುವುದಿಲ್ಲ. ಹಣ ಹಿಂದಕ್ಕೆ ಬರುವ ಕಾಲ ಅಷ್ಟುಹೊತ್ತಿಗೆ ಮೀರಿರುತ್ತದೆ.

ಸಮುದ್ರದ ಮೇಲೆ ಸುಮ್ಮನೆ ಸುತ್ತಾಡಿ ಬರಲು ದುಡ್ಡು ಕೊಡುವುದು ಮನುಷ್ಯನಿಗೆ ಈಚಿನ ಚಾಳಿ. ಶತಶತಮಾನಗಳ ಕಾಲ ಕಡಲಯಾನವೆಂದರೆ ವ್ಯಾಪಾರ, ಯುದ್ಧ, ವಲಸೆ ಅಥವಾ ತೀರ್ಥಯಾತ್ರೆ; ಯಾವುದರಲ್ಲೂ ಸುಖವಿರಲಿಲ್ಲ. ಜರ್ಮನಿಯ ಹ್ಯಾಂಬರ್ಗ್-ಅಮೆರಿಕ ಹಡಗು ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬಾತ ಲೆಕ್ಕಾಚಾರದ ಮನುಷ್ಯ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಡಿಮೆ, ಹಡಗು ಖಾಲಿ ನಿಂತರೆ ನಷ್ಟ. ಆತ 1891ರ ಜನವರಿಯಲ್ಲಿ ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ವಿಹಾರಕ್ಕೆಂದೇ ಮೆಡಿಟರೇನಿಯನ್ ಸಮುದ್ರಕ್ಕೆ ಕಳಿಸಿದ. ಇಂದಿನ ಕ್ರೂಸ್ ಉದ್ಯಮದ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುತ್ತಾರೆ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಮೇಲೆ ಪ್ರಯಾಣಿಕರನ್ನು ಒಯ್ಯತೊಡಗಿದ ಮೇಲೆ ಊರಿಂದೂರಿಗೆ ಹೋಗಲು ಹಡಗು ಯಾರಿಗೂ ಬೇಡವಾಯಿತು. ವಿಹಾರವೊಂದೇ ಅವುಗಳಿಗೆ ಉಳಿದ ದಾರಿ. 1966ರಲ್ಲಿ ‘ಸನ್‌ವರ್ಡ್’ ಎಂಬ ಹಡಗು ಮಯಾಮಿಯಿಂದ ಕೆರಿಬಿಯನ್ ಕಡೆಗೆ ಓಡಾಟ ಆರಂಭಿಸಿತು. 1977ರಿಂದ ‘ದಿ ಲವ್ ಬೋಟ್’ ಎಂಬ ಟೀವಿ ಧಾರಾವಾಹಿ ಮಧ್ಯಮವರ್ಗದ ಅಮೆರಿಕನ್ನರ ತಲೆಗೆ ಈ ಗೀಳನ್ನು ಹತ್ತಿಸಿತು. 2024ರ ಜನವರಿಯಲ್ಲಿ ಹೊರಟ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ 20 ಡೆಕ್ಕುಗಳು. ಭರ್ತಿಯಾದರೆ ಪ್ರಯಾಣಿಕರೇ 7,600 ಮಂದಿ. ತಾಲ್ಲೂಕು ಕೇಂದ್ರದ ಅರ್ಧ ಜನ ಒಂದೇ ಕಟ್ಟಡದಲ್ಲಿ ತೇಲಿದಂತೆ.

ಗಾಲಿಕುರ್ಚಿಯವರಿಗೆ ಇದರಲ್ಲಿ ಕಂಡ ಆಕರ್ಷಣೆ ಬೇರೆ. ಬಸ್ಸಿನಲ್ಲಿ ಹತ್ತು ಊರು ನೋಡುವ ಪ್ರವಾಸದಲ್ಲಿ ದಿನಕ್ಕೊಂದು ಹೋಟೆಲು, ದಿನಕ್ಕೊಂದು ಬಚ್ಚಲು. ಇಂದಿನ ಬಚ್ಚಲಿಗೆ ಕುರ್ಚಿ ಹೋಯಿತು, ನಾಳೆಯದಕ್ಕೆ ಹೋಗಲಾರದು. ಪ್ರತಿ ಸಂಜೆಯೂ ಹೊಸ ಆತಂಕ. ಹಡಗಿನಲ್ಲಿ ಪೆಟ್ಟಿಗೆ ಬಿಚ್ಚುವುದು ಒಮ್ಮೆ, ಕಟ್ಟುವುದು ಒಮ್ಮೆ. ಕೊಠಡಿ ಅದೇ, ಬಚ್ಚಲು ಅದೇ. ಊಟದ ಮನೆ, ನಾಟಕಶಾಲೆ, ವೈದ್ಯರು ಎಲ್ಲ ಲಿಫ್ಟಿನ ದೂರದಲ್ಲಿ. ಊರುಗಳೇ ಹತ್ತಿರ ಬರುತ್ತವೆ. ಮೊದಲ ದಿನ ಕೊಠಡಿ ಸರಿಹೋಯಿತೆಂದರೆ ವಾರವಿಡೀ ಸರಿಹೋಯಿತು ಎಂದೇ ಅರ್ಥ. ಸರಿಹೋಗದಿದ್ದರೆ ವಾರವಿಡೀ ಸರಿಹೋಗದು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಹಡಗನ್ನು ಗಾಲಿಕುರ್ಚಿಗೆ ಹೊಂದಿಸಲು ಸಾಧ್ಯವೇ ಇಲ್ಲ ಎಂಬ ವಾದ ಬಹುಕಾಲ ನಡೆಯಿತು. ಅದು ಸುಳ್ಳು ಎಂಬುದಕ್ಕೆ 1943ರಷ್ಟು ಹಳೆಯ ಪುರಾವೆ ಇದೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಕಾಲಿನ ಶಕ್ತಿ ಹೋಗಿತ್ತು. ಎರಡನೆಯ ಮಹಾಯುದ್ಧದ ನಡುವೆ, 1943ರ ನವೆಂಬರಿನಲ್ಲಿ, ಕೈರೊ ಮತ್ತು ಟೆಹರಾನ್ ಸಮ್ಮೇಳನಗಳಿಗೆ ಅವರನ್ನು ಅಟ್ಲಾಂಟಿಕ್ ದಾಟಿಸಲು ‘ಅಯೋವಾ’ ಎಂಬ ಯುದ್ಧನೌಕೆ ನೇಮಕವಾಯಿತು. ಅವರಿಗಾಗಿ ಅದರಲ್ಲಿ ಲಿಫ್ಟ್ ಅಳವಡಿಸಿದರು, ಸ್ನಾನದ ತೊಟ್ಟಿ ಕೂಡಿಸಿದರು. ಇಡೀ ಹಡಗಿನಲ್ಲಿ ಫಿರಂಗಿಯಲ್ಲದೆ ಮತ್ತೇನೂ ಮುಖ್ಯವಲ್ಲ ಎನ್ನುವಂಥ ಕಡೆ ಒಂದು ತೊಟ್ಟಿ! ಈಗ ಲಾಸ್ ಏಂಜಲಿಸ್ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಆ ಹಡಗಿನಲ್ಲಿ ಅದನ್ನು ಇಂದಿಗೂ ನೋಡಬಹುದು. ಆ ಯಾನದಲ್ಲೇ, ಜೊತೆಯಲ್ಲಿದ್ದ ತಮ್ಮದೇ ನೌಕೆಯೊಂದು ಕವಾಯತಿನ ವೇಳೆ ಅಚಾತುರ್ಯದಿಂದ ‘ಅಯೋವಾ’ ಕಡೆಗೆ ನಿಜವಾದ ಟಾರ್ಪೆಡೊ ಬಿಟ್ಟುಬಿಟ್ಟಿತು. ಅದನ್ನು ನೋಡಬೇಕು, ಕುರ್ಚಿಯನ್ನು ಹಡಗಿನ ಅಂಚಿಗೆ ತಳ್ಳಿ ಎಂದು ರೂಸ್‌ವೆಲ್ಟ್ ಹೇಳಿದರಂತೆ. ಟಾರ್ಪೆಡೊ ಹಡಗಿಗೆ ತಗಲಲಿಲ್ಲ. ಅಧ್ಯಕ್ಷರಿಗಾಗಿ ಯುದ್ಧನೌಕೆಯನ್ನೇ ತಿದ್ದಲು ಬಂದಿತ್ತು. ಸಾಮಾನ್ಯ ಪ್ರಯಾಣಿಕರಿಗಾಗಿ ವಿಹಾರನೌಕೆಯನ್ನು ತಿದ್ದಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ನಡುವೆ ಕುರ್ಚಿಯೂ ಬದಲಾಗಿತ್ತು. ಗಣಿ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರ್‌ಗಾಗಿ ಅವರ ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್ 1930ರ ದಶಕದ ಆರಂಭದಲ್ಲಿ ಉಕ್ಕಿನ ಕೊಳವೆಯ ಮಡಿಸುವ ಗಾಲಿಕುರ್ಚಿಯನ್ನು ತಯಾರಿಸಿದರು. ಕಾರಿನ ಹಿಂಬದಿಯಲ್ಲಿ ಹಾಕಿಕೊಂಡು ಹೋಗಲು ಬರುವಂಥದ್ದು. ಆಸ್ಪತ್ರೆಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಇಂದು ಕಾಣುವ ಕುರ್ಚಿ ಹೆಚ್ಚುಕಡಿಮೆ ಅದೇ. ಬ್ಯಾಟರಿ ಕುರ್ಚಿ ಆಮೇಲೆ ಬಂತು. ಅದರಿಂದ ಸ್ವಾತಂತ್ರ್ಯ ಹೆಚ್ಚಿತು, ತೂಕವೂ ಹೆಚ್ಚಿತು. ಈ ತೂಕದ ಮಾತು ದೋಣಿಯ ಪ್ರಸ್ತಾಪದಲ್ಲಿ ಮತ್ತೆ ಬರುತ್ತದೆ.

ಈಗ ಮೊಕದ್ದಮೆಯ ವಿಚಾರ. 1990ರ ಜುಲೈ 26ರಂದು ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಅಂದಿನ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಹೋಟೆಲು, ಅಂಗಡಿ, ಚಿತ್ರಮಂದಿರ, ಸಾರಿಗೆ ಎಲ್ಲಿಯೂ ತಾರತಮ್ಯ ಸಲ್ಲದು ಎಂದಿತು ಕಾಯ್ದೆ. ಹಡಗಿನ ಕಂಪನಿಗಳ ಉತ್ತರ ಸಿದ್ಧವಿತ್ತು: ಹಡಗು ನಮ್ಮದಾದರೂ ಬಾವುಟ ಬಹಾಮಾಸ್‌ನದು. ಹಡಗಿನ ಮೇಲೆ ಯಾವ ದೇಶದ ಬಾವುಟ ಹಾರುತ್ತದೋ ಒಳಗೆ ಆ ದೇಶದ ಕಾನೂನು ನಡೆಯುವುದು ಕಡಲಿನ ಹಳೆಯ ಕಟ್ಟಳೆ. ತೆರಿಗೆ ಕಡಿಮೆ, ಕಾರ್ಮಿಕ ಕಾನೂನು ಸಡಿಲ ಎಂಬ ಕಾರಣಕ್ಕೆ ಬಹಾಮಾಸ್, ಪನಾಮಾಗಳಂಥ ದೇಶಗಳಲ್ಲಿ ಹಡಗು ನೋಂದಾಯಿಸುವುದು ರೂಢಿಯಾಗಿದೆ. ಕಚೇರಿ ಮಯಾಮಿಯಲ್ಲಿ, ಹೊರಡುವುದು ಅಮೆರಿಕದ ಬಂದರಿನಿಂದ, ಟಿಕೆಟ್ ಕೊಳ್ಳುವವರಲ್ಲಿ ಹೆಚ್ಚಿನವರು ಅಮೆರಿಕನ್ನರು. ಕಾನೂನು ಮಾತ್ರ ಬೇರೆಯವರದು.

1998 ಮತ್ತು 1999ರಲ್ಲಿ ಟೆಕ್ಸಾಸಿನ ಹೂಸ್ಟನ್ ಬಂದರಿನಿಂದ ನಾರ್ವೀಜಿಯನ್ ಕ್ರೂಸ್ ಲೈನ್ ಕಂಪನಿಯ ಎರಡು ಹಡಗುಗಳಿಗೆ ಟಿಕೆಟ್ ಕೊಂಡ ಕೆಲವು ಅಂಗವಿಕಲರು ಮತ್ತು ಅವರ ಜೊತೆಗಾರರು ಇದನ್ನು ಕೋರ್ಟಿಗೆ ಒಯ್ದರು. ಕೇಸಿನ ಹೆಸರು ‘ಸ್ಪೆಕ್ಟರ್ ವಿರುದ್ಧ ನಾರ್ವೀಜಿಯನ್ ಕ್ರೂಸ್ ಲೈನ್’. ಅವರ ಆರೋಪಪಟ್ಟಿ ಓದಿದರೆ ಇಂದಿಗೂ ಪ್ರವಾಸದ ಯೋಜನೆಗೆ ಅದೇ ಮಾರ್ಗದರ್ಶಿ ಎನಿಸುತ್ತದೆ. ಅಂಗವಿಕಲರಿಗೆ ಹೆಚ್ಚು ದರ, ಮೇಲೊಂದು ಸರ್‌ಚಾರ್ಜು. ವೈದ್ಯಕೀಯ ತೊಂದರೆಯಾದರೆ ಕಂಪನಿ ಹೊಣೆಯಲ್ಲ ಎಂದು ಬರೆದುಕೊಡಬೇಕೆಂಬ ಒತ್ತಾಯ. ಜೊತೆಗೊಬ್ಬರು ಇರಲೇಬೇಕೆಂಬ ಷರತ್ತು. ಒಳ್ಳೆಯ ಕೊಠಡಿಗಳಿಗೆಲ್ಲ ಕುರ್ಚಿ ಹೋಗದು. ಅಪಾಯದ ವೇಳೆ ಸೇರಬೇಕಾದ ಸ್ಥಳದ ಕವಾಯತೇ ಕುರ್ಚಿ ತಲುಪದ ಜಾಗದಲ್ಲಿ. ಜೊತೆಗೆ ಹೊಸ್ತಿಲು, ಹೊಸ್ತಿಲು, ಹೊಸ್ತಿಲು.

ಕೆಳಗಿನ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು. 2005ರ ಜೂನ್ 6ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ನ್ಯಾಯಮೂರ್ತಿಗಳಲ್ಲಿ ಒಮ್ಮತವಿರಲಿಲ್ಲ, ಮುಖ್ಯ ತೀರ್ಪನ್ನು ಬರೆದವರು ಆಂಥೊನಿ ಕೆನಡಿ. ಅಮೆರಿಕದ ನೀರಿನಲ್ಲಿ ಇರುವಷ್ಟು ಹೊತ್ತು ವಿದೇಶಿ ಬಾವುಟದ ವಿಹಾರನೌಕೆಗೂ ಈ ಕಾಯ್ದೆ ಅನ್ವಯಿಸುತ್ತದೆ. ಹೆಚ್ಚು ದರ, ಸರ್‌ಚಾರ್ಜು ಮುಂತಾದವು ಹಡಗಿನ ಒಳಾಡಳಿತದ ವಿಷಯವೇ ಅಲ್ಲ ಎಂಬುದು ಅದರ ಸಾರ. ಹೊಸ್ತಿಲಿನ ವಿಚಾರದಲ್ಲಿ ಮಾತ್ರ ಎಚ್ಚರಿಕೆ ಇತ್ತು. ಟೈಟಾನಿಕ್ ಮುಳುಗಿದ ಬಳಿಕ 1914ರಲ್ಲಿ ಮೊದಲ ಬಾರಿಗೆ ರೂಪುಗೊಂಡ, ಈಗ 1974ರ ರೂಪದಲ್ಲಿ ನಡೆಯುತ್ತಿರುವ ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಕಡಲ ಸುರಕ್ಷತಾ ಒಪ್ಪಂದವಿದೆ. ಅದನ್ನು ಮುರಿದು ಹೊಸ್ತಿಲು ಕಿತ್ತುಹಾಕಿ ಎಂದು ಕಾಯ್ದೆ ಹೇಳುವುದಿಲ್ಲ ಎಂದಿತು ತೀರ್ಪು. ಅಂದರೆ ದುಡ್ಡಿನ ತಾರತಮ್ಯಕ್ಕೆ ನೆಪ ಹೇಳಲು ಆಗದಾಯಿತು; ಕಬ್ಬಿಣದ ತಡೆಗೆ ಮಾತ್ರ, ಅದು ನಿಜವಾಗಿ ನೀರು ತಡೆಯುವುದಾದರೆ, ಉಳಿಗಾಲ ಸಿಕ್ಕಿತು. ನ್ಯಾಯವಾದ ಮಾತೇ. ಹಡಗು ಮುಳುಗಿದರೆ ಕುರ್ಚಿಯಲ್ಲಿರುವವರೂ ಮುಳುಗುತ್ತಾರೆ.

2010ರಲ್ಲಿ ಅಮೆರಿಕದ ಸಾರಿಗೆ ಇಲಾಖೆ ಪ್ರಯಾಣಿಕ ಹಡಗುಗಳಿಗೆಂದೇ ನಿಯಮಾವಳಿ ಹೊರಡಿಸಿತು. ಅಂಗವಿಕಲತೆಯ ಕಾರಣಕ್ಕೆ ಹೆಚ್ಚು ಹಣ ಕೇಳಬಾರದು, ಜೊತೆಗೊಬ್ಬರು ಬಂದರೆ ಮಾತ್ರ ಹತ್ತಿಸುತ್ತೇವೆ ಎನ್ನಬಾರದು ಎಂಬುದು ಅದರಲ್ಲಿದೆ. ಉಣಿಸುವುದು, ಬಚ್ಚಲಿನೊಳಗೆ ನೆರವಾಗುವುದು ಸಿಬ್ಬಂದಿಯ ಕರ್ತವ್ಯವಲ್ಲ ಎಂದೂ ಸ್ಪಷ್ಟವಾಗಿದೆ. ಅಂಥ ನೆರವು ಬೇಕಾದವರು ತಮ್ಮವರನ್ನು ಕರೆದೊಯ್ಯುವುದೇ ಸರಿ. ಅದರಲ್ಲಿ ಇನ್ನೊಂದು ಸ್ವಾರಸ್ಯದ ಕಟ್ಟಳೆ ಉಂಟು. ಗಾಲಿಕುರ್ಚಿಗೆ ಹೊಂದುವ ಕೊಠಡಿ ಉಳಿದವಕ್ಕಿಂತ ಅಗಲ. ಅದೇ ದರಕ್ಕೆ ಹೆಚ್ಚು ಜಾಗ ಸಿಗುತ್ತದೆಂದು ಕಾಲು ಗಟ್ಟಿಯಿರುವವರೇ ಅದನ್ನು ಮೊದಲು ಹಿಡಿಯುತ್ತಿದ್ದರು. ಈಗ ಆ ದರ್ಜೆಯ ಉಳಿದ ಕೊಠಡಿಗಳೆಲ್ಲ ಮಾರಾಟವಾಗುವವರೆಗೆ ಅವನ್ನು ಅಂಗವಿಕಲರಿಗೆ ಕಾದಿರಿಸಬೇಕು; ಕೇಳಿ ಬಂದವರಿಗೆ ಅದು ನಿಜಕ್ಕೂ ಬೇಕೆ ಎಂದು ವಿಚಾರಿಸಬೇಕು. ಹಾಗಿದ್ದರೂ ಇಂಥ ಕೊಠಡಿಗಳು ಒಂದು ಹಡಗಿನಲ್ಲಿ ಬೆರಳೆಣಿಕೆಯಷ್ಟು, ದೊಡ್ಡ ಹಡಗಾದರೆ ಕೆಲವು ಹತ್ತು. ರಜಾಕಾಲದ ಯಾನವಾದರೆ ವರ್ಷದ ಮುಂಚೆಯೇ ಹಿಡಿಯುವುದು ಜಾಣತನ. ಕೊನೆಗಳಿಗೆಯ ರಿಯಾಯಿತಿಗೆ ಕಾಯುವ ಆಟ ಗಾಲಿಕುರ್ಚಿಯವರಿಗೆ ಹೇಳಿಸಿದ್ದಲ್ಲ.

ಯೋಜನೆಯಲ್ಲಿ ಹಲವರು ಹಡಗಿನಿಂದ ಆರಂಭಿಸುತ್ತಾರೆ. ಬಂದರಿನಿಂದ ಆರಂಭಿಸುವುದು ಮೇಲು. ಹಡಗು ದಡಕ್ಕೆ ಬಂದು ಕಟ್ಟೆಗೆ ತಾಗಿ ನಿಲ್ಲುತ್ತದೋ, ಅಥವಾ ದೂರದ ನೀರಿನಲ್ಲೇ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಲ್ಲಿ ಕಳಿಸುತ್ತದೋ? ಈ ಸಣ್ಣ ದೋಣಿಗೆ ಟೆಂಡರ್ ಎನ್ನುತ್ತಾರೆ. ಅದು ಅಲೆಯ ಮೇಲೆ ಏಳುತ್ತ ಬೀಳುತ್ತ ಹಡಗಿನ ಪಕ್ಕ ನಿಂತಿರುತ್ತದೆ. ಗಟ್ಟಿಮುಟ್ಟಾದವರೇ ಸಿಬ್ಬಂದಿಯ ಕೈ ಹಿಡಿದು, ದೋಣಿ ಮೇಲೆ ಬಂದ ಕ್ಷಣ ನೋಡಿ ಕಾಲಿಡಬೇಕು. ಮಡಿಸುವ ಕುರ್ಚಿಯಾದರೆ, ಎರಡು ಹೆಜ್ಜೆ ಹಾಕಬಲ್ಲವರಾದರೆ, ಸಮುದ್ರ ಶಾಂತವಾಗಿದ್ದರೆ ಸಾಧ್ಯವಾಗಬಹುದು. ಭಾರದ ಬ್ಯಾಟರಿ ಕುರ್ಚಿಯನ್ನು ಸಾಮಾನ್ಯವಾಗಿ ಇಳಿಸುವುದಿಲ್ಲ. ಕುರ್ಚಿ ಸೀದಾ ಉರುಳಿಕೊಂಡು ಹೋಗುವಂತೆ ಕೆಲವು ಹಡಗುಗಳು ವ್ಯವಸ್ಥೆ ಮಾಡಿಕೊಂಡಿವೆ. ಅಲ್ಲಿಯೂ ಆ ಬೆಳಗಿನ ಅಲೆಯನ್ನು ನೋಡಿ ತೀರ್ಮಾನಿಸುವವರು ಹಡಗಿನವರೇ. ಕೆರಿಬಿಯನ್ ಕಡೆಯ ಗ್ರ್ಯಾಂಡ್ ಕೇಮನ್, ಬೆಲೀಜ್ ಸಿಟಿ, ಗ್ರೀಸಿನ ಸ್ಯಾಂಟೊರಿನಿ ಇವೆಲ್ಲ ದೋಣಿಯ ಬಂದರುಗಳೆಂದೇ ಪ್ರಸಿದ್ಧ. ಸ್ಯಾಂಟೊರಿನಿಯಲ್ಲಿ ದೋಣಿ ಇಳಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಊರು ಇರುವುದು ಕಡಿದಾದ ಬಂಡೆಯ ನೆತ್ತಿಯಲ್ಲಿ. ಮೇಲೇರಲು ಸುಮಾರು 600 ಮೆಟ್ಟಿಲು, ಇಲ್ಲವೇ ಕತ್ತೆ ಸವಾರಿ, ಇಲ್ಲವೇ ತಂತಿಯ ಮೇಲೆ ತೂಗುವ ಕೇಬಲ್ ಕಾರು. ಕರಪತ್ರಗಳಲ್ಲಿ ಅತ್ಯಂತ ಸುಂದರವಾಗಿ ಕಾಣುವ ಚಿತ್ರ ಈ ಊರಿನದೇ ಎಂಬುದು ಬೇರೆ ಮಾತು.

ಬಹಾಮಾಸ್‌ನ ನಸ್ಸಾವ್, ಮೆಕ್ಸಿಕೊದ ಕೊಜುಮೆಲ್ ಕಟ್ಟೆಗೆ ತಾಗುವ ಬಂದರುಗಳು. ಡಿಸ್ನಿ ಕಂಪನಿ ಬಹಾಮಾಸ್‌ನಲ್ಲಿ ಇಟ್ಟುಕೊಂಡಿರುವ ಕ್ಯಾಸ್ಟವೇ ಕೇ ಎಂಬ ದ್ವೀಪದಲ್ಲಿಯೂ ಹಡಗು ಕಟ್ಟೆಗೇ ಬರುತ್ತದೆ. ಮರಳಿನಲ್ಲಿ ಹೂತುಹೋಗದಂತೆ ಬಲೂನಿನ ಹಾಗೆ ದಪ್ಪ ಗಾಲಿಯಿರುವ ಕುರ್ಚಿಗಳನ್ನು ಅಲ್ಲಿ ಕೊಡುತ್ತಾರೆ. ಸಮುದ್ರದ ನೀರನ್ನು ಕಾಲಿಗೆ ತಾಗಿಸಿಕೊಳ್ಳುವುದು ಗಾಲಿಕುರ್ಚಿಯವರಿಗೆ ಎಷ್ಟು ದುರ್ಲಭ ಎಂಬುದು ದಡದಲ್ಲಿ ಕುಳಿತು ಉಳಿದವರ ಚಪ್ಪಲಿ ಕಾಯ್ದವರಿಗೇ ಗೊತ್ತು.

ಅಲಾಸ್ಕಾದ ಕಥೆ ಇನ್ನೊಂದು ಬಗೆ. ಜೂನೊ, ಕೆಚಿಕನ್, ಸ್ಕ್ಯಾಗ್ವೇಗಳಲ್ಲಿ ದೊಡ್ಡ ಹಡಗುಗಳು ಸಾಮಾನ್ಯವಾಗಿ ಕಟ್ಟೆಗೆ ನಿಲ್ಲುತ್ತವೆ. ಆದರೆ ಆ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಹದಿನೈದು ಇಪ್ಪತ್ತು ಅಡಿಯವರೆಗೆ ಹೋಗುತ್ತದೆ. ನೀರು ಏರಿದಾಗ ಹಡಗೂ ಏರುತ್ತದೆ, ಕಟ್ಟೆ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಸುಖವಾಗಿ ಇಳಿದ ಗ್ಯಾಂಗ್‌ವೇ ಹಲಗೆ ಸಂಜೆಗೆ ಏಣಿಯಂತಾಗಬಹುದು. ಉಬ್ಬರವಿಳಿತದ ವೇಳಾಪಟ್ಟಿ ವರ್ಷದ ಮೊದಲೇ ಅಚ್ಚಾಗಿರುತ್ತದೆ. ಇಳಿಜಾರು ಕಡಿಮೆಯಿರುವ ವೇಳೆ ಯಾವುದೆಂದು ಸಿಬ್ಬಂದಿಯನ್ನು ಕೇಳಿಟ್ಟುಕೊಂಡು ಆ ಹೊತ್ತಿಗೆ ಮರಳಿದರೆ ಅರ್ಧ ಶ್ರಮ ಉಳಿಯಿತು. ಸ್ಕ್ಯಾಗ್ವೇಯಿಂದ ಹೊರಡುವ ವೈಟ್ ಪಾಸ್ ರೈಲು ಚಿನ್ನ ಹುಡುಕಿ ಹೋದವರ ಹಾದಿಯಲ್ಲಿ ಕಟ್ಟಿದ್ದು, 1900ರಲ್ಲಿ ಪೂರ್ಣಗೊಂಡದ್ದು. ಗಾಲಿಕುರ್ಚಿ ಎತ್ತುವ ಲಿಫ್ಟಿನ ಬೋಗಿ ಅದರಲ್ಲಿದೆ, ಮೊದಲೇ ಹೇಳಿಟ್ಟರೆ. ಈ ‘ಮೊದಲೇ ಹೇಳಿಟ್ಟರೆ’ ಎಂಬ ಮಾತು ಇಡೀ ವಿಷಯಕ್ಕೆ ಪಲ್ಲವಿಯಿದ್ದಂತೆ. ದಡದಲ್ಲಿ ಸಿಗುವ ಲಿಫ್ಟಿನ ವ್ಯಾನುಗಳು ಊರಿಗೆ ಒಂದೋ ಎರಡೋ. ಹಡಗು ಇಳಿದು ಕೈ ಬೀಸಿದರೆ ಬರುವಂಥವಲ್ಲ.

ಬಂದರು ಆಯಿತು, ಇನ್ನು ಕೊಠಡಿ. ಇಲ್ಲಿ ‘ಅನುಕೂಲವಿದೆ’ ಎಂಬ ಮಾತನ್ನು ನಂಬಬಾರದು, ಅಂಗುಲವನ್ನು ಕೇಳಬೇಕು. ಒಬ್ಬ ಏಜೆಂಟನ ಬಾಯಲ್ಲಿ ಅನುಕೂಲವೆಂದರೆ ಬಚ್ಚಲಿನಲ್ಲಿ ಹಿಡಿಕೆ ಇದೆ ಎಂದರ್ಥ. ಇನ್ನೊಬ್ಬನಿಗೆ ಲಿಫ್ಟ್ ಹತ್ತಿರವಿದೆ ಎಂದರ್ಥ. ಸಾಮಾನ್ಯ ಕೊಠಡಿಯ ಬಾಗಿಲು ಹಲವು ಹಡಗುಗಳಲ್ಲಿ 22–23 ಅಂಗುಲ. ಕೈಯಿಂದ ತಳ್ಳುವ ಕುರ್ಚಿಯೇ ಸಾಧಾರಣವಾಗಿ 24–26 ಅಂಗುಲ ಅಗಲ. ಅಮೆರಿಕದ ಮಾನದಂಡ ಬಾಗಿಲಿಗೆ 32 ಅಂಗುಲ ತೆರಪು, ಕುರ್ಚಿ ಪೂರ್ತಿ ತಿರುಗಲು 60 ಅಂಗುಲದ ವೃತ್ತ ಬೇಕೆನ್ನುತ್ತದೆ. ಹಾಗಾಗಿ ಮನೆಯಲ್ಲೇ ಅಳತೆಯ ಟೇಪು ಹಿಡಿದು ಕುರ್ಚಿಯನ್ನು ಚಕ್ರದ ಅಂಚಿನಿಂದ ಅಂಚಿಗೆ ಅಳೆದು ಬರೆದಿಟ್ಟುಕೊಳ್ಳಬೇಕು. ಆಸನದ ಅಗಲ ಬೇರೆ, ಕುರ್ಚಿಯ ಅಗಲ ಬೇರೆ. ಬಳಿಕ ಕಂಪನಿಗೆ ಕೇಳಬೇಕಾದದ್ದು ಇಷ್ಟು: ಕೊಠಡಿ ಬಾಗಿಲು, ಬಚ್ಚಲ ಬಾಗಿಲು, ಬಾಲ್ಕನಿ ಬಾಗಿಲು ತಲಾ ಎಷ್ಟು ಅಂಗುಲ? ಬಚ್ಚಲಿಗೂ ಬಾಲ್ಕನಿಗೂ ಹೊಸ್ತಿಲಿದೆಯೆ, ಇದ್ದರೆ ಮೇಲೆ ಇಳಿಜಾರು ಹಲಗೆ ಹಾಕಿದ್ದಾರೆಯೆ? ಸ್ನಾನದ ಜಾಗಕ್ಕೆ ಕುರ್ಚಿ ಸೀದಾ ಉರುಳುತ್ತದೆಯೆ, ಕುಳಿತು ಸ್ನಾನ ಮಾಡಲು ಪೀಠ ಉಂಟೆ? ಮಂಚದ ಎತ್ತರವೆಷ್ಟು, ಎತ್ತುವ ಯಂತ್ರ ಬಳಸುವವರಿಗೆ ಮಂಚದ ಕೆಳಗೆ ಅದರ ಕಾಲು ತೂರುವಷ್ಟು ಸಂದು ಇದೆಯೆ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಬೇಕು. ಅದೇ ಕಂಪನಿಯ ಎರಡು ಹಡಗುಗಳಲ್ಲಿ, ಅಷ್ಟೇಕೆ ಅದೇ ಹಡಗಿನ ಎರಡು ಕೊಠಡಿಗಳಲ್ಲಿಯೂ ವ್ಯತ್ಯಾಸವಿರುವುದರಿಂದ ಕೊಠಡಿಯ ನಂಬರು ಹಿಡಿದೇ ಕೇಳಬೇಕು.

ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ತುಯ್ತ ಕಡಿಮೆ. ಮೇಲಿನ ಅಂತಸ್ತಿನ ಮೂಲೆಯ ಕೊಠಡಿಯಿಂದ ಸೂರ್ಯೋದಯ ಚೆನ್ನಾಗಿ ಕಾಣಬಹುದು. ಗಾಳಿ ಎದ್ದಾಗ ಬ್ರೇಕು ಹಾಕಿದ ಕುರ್ಚಿಯೂ ಅಲ್ಲಿ ಸರಿದಾಡುತ್ತದೆ.

ಅಪಾಯದ ಮಾತನ್ನು ಪ್ರವಾಸದ ಸಂಭ್ರಮದಲ್ಲಿ ಯಾರೂ ಎತ್ತಲು ಬಯಸುವುದಿಲ್ಲ, ಎತ್ತಲೇಬೇಕು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರನೌಕೆ ಬಂಡೆಗೆ ಬಡಿದು ವಾಲಿತು. 32 ಮಂದಿ ಸತ್ತರು. ಆ ದಿನ ಹಡಗು ಹತ್ತಿದವರಿಗೆ ಜೀವರಕ್ಷಣೆಯ ಕವಾಯತು ಇನ್ನೂ ಆಗಿರಲಿಲ್ಲ. ಮೊದಲ 24 ಗಂಟೆಯಲ್ಲಿ ಮಾಡಿದರೆ ಸಾಕು ಎಂದಿತ್ತು ಅಂದಿನ ನಿಯಮ. 2015ರಿಂದ ಅದು ಬದಲಾಗಿದೆ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಕವಾಯತು ಆಗಬೇಕು. ಬೆಂಕಿ ಬಿದ್ದಾಗ ಲಿಫ್ಟುಗಳನ್ನು ನಿಲ್ಲಿಸುತ್ತಾರೆ ಎಂಬುದನ್ನು ನೆನಪಿನಲ್ಲಿಡಬೇಕು. ಮೆಟ್ಟಿಲಲ್ಲಿ ಇಳಿಸಲು ಸಿಬ್ಬಂದಿಯಲ್ಲಿ ಗೊತ್ತಾದ ತಂಡ, ಅದಕ್ಕೆಂದೇ ಮಾಡಿದ ಕುರ್ಚಿ ಇರುತ್ತವೆ. ಆದರೆ ಯಾವ ಕೊಠಡಿಗೆ ಬರಬೇಕೆಂದು ಅವರಿಗೆ ತಿಳಿದಿರಬೇಕು. ನೆರವು ಬೇಕಾದವರ ಪಟ್ಟಿಯಲ್ಲಿ ಹೆಸರು ಬರೆಸಲು ಸಂಕೋಚಪಡುವವರಿದ್ದಾರೆ, ವಯಸ್ಸಾದವರಲ್ಲಿ ಮುಖ್ಯವಾಗಿ. ‘ನಾನೇನು ಕುಂಟನೆ, ಸ್ವಲ್ಪ ಮಂಡಿನೋವು ಅಷ್ಟೆ’ ಎನ್ನುವ ಯಜಮಾನರಿಗೆ ಮಕ್ಕಳು ಬುದ್ಧಿ ಹೇಳಲಾರರು. ಹತ್ತಿದ ಮೊದಲ ಗಂಟೆಯಲ್ಲೇ ಸೇರುವ ಸ್ಥಳದವರೆಗೆ ಕುರ್ಚಿಯನ್ನು ಒಮ್ಮೆ ಓಡಿಸಿ ನೋಡಿದರೆ ಎಲ್ಲರಿಗೂ ನೆಮ್ಮದಿ.

ಯುರೋಪಿನ ಹಡಗುಗಳಿಗೆ ಅಲ್ಲಿನ ಒಕ್ಕೂಟದ 2010ರ ಕಾನೂನು, 2012ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಅಂಗವೈಕಲ್ಯದ ಕಾರಣಕ್ಕೆ ಟಿಕೆಟ್ ನಿರಾಕರಿಸುವಂತಿಲ್ಲ. ಸುರಕ್ಷತೆಯ ನಿಯಮ ಅಥವಾ ಹಡಗಿನ ರಚನೆಯೇ ಅಡ್ಡಿಯಾದರೆ ಮಾತ್ರ ವಿನಾಯಿತಿ. ಬಂದರಿನಲ್ಲಿ ನೆರವು ಬೇಕಾದರೆ 48 ಗಂಟೆ ಮುಂಚೆ ತಿಳಿಸಬೇಕು. ವಿಶೇಷ ಕೊಠಡಿ, ಉಪಕರಣದ ಅಗತ್ಯವನ್ನು ಟಿಕೆಟ್ ಕೊಳ್ಳುವಾಗಲೇ ಹೇಳಬೇಕು. ಆದರೆ ಕಾನೂನು ಬಂದರಿನ ಬಾಗಿಲಿನವರೆಗೆ. ‘ರೋಮ್’ ಎಂದು ವೇಳಾಪಟ್ಟಿಯಲ್ಲಿ ಬರೆದಿರುವ ಬಂದರು ನಿಜಕ್ಕೂ ಚಿವಿಟವೆಕ್ಕಿಯ; ಅಲ್ಲಿಂದ ರೋಮ್ ಸುಮಾರು 70–80 ಕಿಲೋಮೀಟರು. ‘ಫ್ಲಾರೆನ್ಸ್’ ಎಂದರೆ ಲಿವೊರ್ನೊ, ಅದೂ ಸುಮಾರು ಅಷ್ಟೇ ದೂರ. ಹತ್ತುವ ಬಸ್ಸಿಗೆ ಲಿಫ್ಟ್ ಇಲ್ಲದಿದ್ದರೆ ಆ ದಿನ ಹಡಗಿನಲ್ಲೇ ಕಳೆಯಬೇಕು. ಊರು ತಲುಪಿದರೂ ಅಲ್ಲಿ ಉಂಡೆಗಲ್ಲಿನ ಬೀದಿಗಳು. ಕುರ್ಚಿಯ ಮುಂದಿನ ಚಿಕ್ಕ ಗಾಲಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ಬ್ಯಾಟರಿ ಕುರ್ಚಿಯವರು ಇನ್ನೆರಡು ಲೆಕ್ಕ ಹಾಕಬೇಕು. ಹಡಗಿಗೆ ಮುಂಚೆ ವಿಮಾನ ಇರುತ್ತದಷ್ಟೆ. ಮಡಿಸುವ ಕುರ್ಚಿಯಿಂದ ಕಳಚಿ ಕೈಯಲ್ಲಿ ಒಯ್ಯುವ ಲಿಥಿಯಂ ಬ್ಯಾಟರಿಗೆ ವಿಮಾನಯಾನದ ಮಿತಿ 300 ವ್ಯಾಟ್-ಅವರ್. ಬ್ಯಾಟರಿಯ ಮೇಲಿನ ಅಕ್ಷರಗಳನ್ನು ಫೋಟೊ ತೆಗೆದಿಟ್ಟುಕೊಂಡರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ. ಕುರ್ಚಿಯ ಫೋಟೊವೂ ಇರಲಿ, ಸಾಮಾನು ಇಳಿಸುವವರ ಕೈಯಲ್ಲಿ ಮುರಿದರೆ ಬೇಕಾಗುತ್ತದೆ. ಭಾರತದ ಚಾರ್ಜರು 230 ವೋಲ್ಟಿನದು, ಅಮೆರಿಕದ ಪ್ಲಗ್ಗಿನಲ್ಲಿ ಬರುವುದು 110–120 ವೋಲ್ಟು. ಚಾರ್ಜರಿನ ಮೇಲೆ 100–240 ಎಂದು ಬರೆದಿದ್ದರೆ ಪಿನ್ನು ಬದಲಿಸಿದರೆ ಸಾಕು, ಇಲ್ಲದಿದ್ದರೆ ಬೇರೆ ಚಾರ್ಜರೇ ಬೇಕು. ಹಡಗು ಹೊರಡುವ ದಿನವೇ ವಿಮಾನ ಇಳಿಯುವ ಸಾಹಸ ಬೇಡ. ಒಂದು ದಿನ ಮುಂಚೆ ತಲುಪಿದರೆ ಮುರಿದ ಕುರ್ಚಿಯನ್ನು ದುರಸ್ತಿ ಮಾಡಿಸಲು ಅಥವಾ ಬಾಡಿಗೆಗೆ ಇನ್ನೊಂದನ್ನು ತರಲು ಅವಕಾಶವಿರುತ್ತದೆ. ವೀಸಾದ ಮಾತೂ ಒಂದಿದೆ. ಅಮೆರಿಕದಿಂದ ಹೊರಟ ಹಡಗು ಬೇರೆ ದೇಶ ಮುಟ್ಟಿ ಮರಳುವಾಗ ಭಾರತದ ಪಾಸ್‌ಪೋರ್ಟಿನವರು ಮತ್ತೆ ಅಮೆರಿಕಕ್ಕೆ ಪ್ರವೇಶಿಸಿದಂತೆಯೇ ಲೆಕ್ಕ. ಅಲಾಸ್ಕಾ ಹಡಗುಗಳು ಕೆನಡಾದ ಬಂದರನ್ನೂ ಮುಟ್ಟುವುದರಿಂದ ಆ ದೇಶದ ವೀಸಾ ವಿಚಾರವನ್ನೂ ಮೊದಲೇ ನೋಡಿಕೊಳ್ಳಬೇಕು.

ಭಾರತದಲ್ಲಿ ಹಡಗಿನ ವಿಹಾರ ಈಗಷ್ಟೇ ಕಣ್ಣು ಬಿಡುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಗೋವಾ, ಲಕ್ಷದ್ವೀಪಗಳ ಕಡೆ ಹೊರಟಿತು. ಆ ಹಡಗು ಮೊದಲು ಬೇರೆ ಕಂಪನಿಗೆಂದು ಕಟ್ಟಲಾದದ್ದು 1990ರಲ್ಲಿ, ಅಮೆರಿಕದ ಅಂಗವಿಕಲರ ಕಾಯ್ದೆ ಹುಟ್ಟಿದ ವರ್ಷವೇ. ಹಳೆಯ ಹಡಗು ಹತ್ತುವವರು ಯಾವುದೇ ದೇಶದಲ್ಲಾದರೂ ಅಂಗುಲದ ಪ್ರಶ್ನೆಗಳನ್ನು ಎರಡು ಪಟ್ಟು ಕೇಳಬೇಕು. ಲಕ್ಷದ್ವೀಪದ ಹಲವು ದ್ವೀಪಗಳ ಸುತ್ತ ನೀರು ಆಳವಿಲ್ಲದ ಕಾರಣ ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ಇಳಿದೇ ದಡ ಸೇರಬೇಕು. ಸ್ಯಾಂಟೊರಿನಿಯ ಸಮಸ್ಯೆ ಇಲ್ಲಿಯೂ ಉಂಟು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ. 1995ರ ಕಾಯ್ದೆಯ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರಿಗೆಯೂ ಅವರಿಗೆ ಎಟುಕುವಂತಿರಬೇಕು ಎನ್ನುತ್ತದೆ. ಅದರಡಿಯ ನಿಯಮಗಳಲ್ಲಿ ಒಂದು ಕೇವಲ ಸಲಹೆಯ ಧಾಟಿಯಲ್ಲಿದೆ, ಕಡ್ಡಾಯ ಮಾನದಂಡಗಳು ಬೇಕು ಎಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಲಹೆಗೂ ಅಳತೆಗೂ ಇರುವ ಅಂತರ ಹಡಗಿನ ಪ್ರಯಾಣಿಕರಿಗೆ ಬೇಗ ಅರ್ಥವಾಗುತ್ತದೆ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ವಿಹಾರನೌಕೆಗಳು ಬಂದು ಹೋಗುತ್ತವೆ. ಹಡಗು ಕಟ್ಟೆಗೇ ತಾಗುತ್ತದೆ, ದೋಣಿಯ ತಾಪತ್ರಯವಿಲ್ಲ. ಇಳಿದವರು ಒಂದೇ ಹಗಲಿನಲ್ಲಿ ನೋಡಲು ಹೋಗುವ ಸ್ಥಳಗಳಲ್ಲಿ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಸೇರಿವೆ. ಗೊಮ್ಮಟ ಇರುವುದು ಬಂಡೆಯ ಗುಡ್ಡದ ಮೇಲೆ. ಬಸದಿಯ ಜಗಲಿಗೆ ಮೆಟ್ಟಿಲೇರಬೇಕು. ಗಾಲಿಕುರ್ಚಿಯಲ್ಲಿ ಬಂದಿಳಿದ ಪ್ರವಾಸಿ ಅಲ್ಲಿನ ಟ್ಯಾಕ್ಸಿ ಚಾಲಕರನ್ನು ಕೇಳುವ ಮೊದಲ ಪ್ರಶ್ನೆ ಗೊಮ್ಮಟನ ಎತ್ತರದ್ದಾಗಿರುವುದಿಲ್ಲ. ವಾಹನ ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಮೇಲೆ ಮೆಟ್ಟಿಲು ಎಷ್ಟು, ಮೇಲೇರಲಾಗದವರಿಗೆ ಕೆಳಗೆ ಎಲ್ಲಿ ನಿಂತರೆ ಅವನ ಮುಖ ಕಾಣುತ್ತದೆ ಎಂದಾಗಿರುತ್ತದೆ.